ಅರವತ್ತು ಮೀಟರ್ ಹಿಂದಕ್ಕೆ

ಸ್ಕಾಟ್ಲೆಂಡಿನಲ್ಲಿ ಯಾವ ಊರಿನಿಂದ ಯಾವ ಊರಿಗೆ ಹೋಗಲು ಎಷ್ಟು ಹೊತ್ತು ಬೇಕು, ನಡುವೆ ಎಲ್ಲಿ ಒಳ್ಳೆಯ ಶೌಚಾಲಯ ಇದೆ, ಯಾವ ಕೋಟೆಯ ಮೆಟ್ಟಿಲು ಮಂಡಿನೋವಿನವರಿಗೆ ಆಗುವುದಿಲ್ಲ ಎಂಬುದೆಲ್ಲ ಸುಮನಾಗೆ ಬಾಯಿಪಾಠವಾಗಿತ್ತು. ಸ್ಕಾಟ್ಲೆಂಡನ್ನು ಮಾತ್ರ ಅವಳು ನೋಡಿರಲಿಲ್ಲ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕಚೇರಿಯೊಂದರಲ್ಲಿ ಕೂತು, ಆ ದೇಶದ ಪ್ರವಾಸ ಕಂಪನಿಯೊಂದರ ಗಿರಾಕಿಗಳಿಗೆ ಒಂದು ದಿನದ, ಎರಡು ದಿನದ ತಿರುಗಾಟಗಳನ್ನು ಯೋಜಿಸಿ ಕೊಡುವುದು ಅವಳ ಕೆಲಸ. ಆರು ವರ್ಷದಲ್ಲಿ ಅವಳು ನೂರಾರು ಸಂಸಾರಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿ, ಹೊತ್ತಿಗೆ ಸರಿಯಾಗಿ ಉಣ್ಣಿಸಿ, ಮಳೆ ಬಂದರೆ ಸೂರಿನಡಿ ಸೇರಿಸಿ, ಸಂಜೆಗೆ ಮನೆ ಮುಟ್ಟಿಸಿದ್ದಳು.

ಇದು ಅವಳ ಮಾವ ಕರಿಯಣ್ಣನವರಿಗೆ ದಿನಾ ಸಿಗುವ ತಮಾಷೆಯ ವಸ್ತುವಾಗಿತ್ತು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೊಳಗೆ ವ್ಯಾಗನ್ನುಗಳನ್ನು ಎಳೆದು ತಳ್ಳುವ ಶಂಟಿಂಗ್ ಇಂಜಿನ್ನನ್ನು ಮೂವತ್ತನಾಲ್ಕು ವರ್ಷ ಓಡಿಸಿ ನಿವೃತ್ತರಾದವರು. ಈಗ ಹೆಂಡತಿ ಪುಟ್ಟಲಕ್ಷ್ಮಿಯ ಜೊತೆ ಆ ಊರಿನ ಓಲ್ಡ್ ಟೌನಿನಲ್ಲಿದ್ದರು. ಮಗ ಗಣೇಶ್, ಸೊಸೆ ಸುಮನಾ, ಒಂಬತ್ತು ವರ್ಷದ ಮೊಮ್ಮಗಳು ಕವನಾ ಶಿವಮೊಗ್ಗದ ರಾಗಿಗುಡ್ಡದಲ್ಲಿದ್ದರು. ಸಂಜೆ ಫೋನ್ ಮಾಡಿದಾಗ ಕರಿಯಣ್ಣನವರ ಮೊದಲ ಮಾತು ಒಂದೇ: "ಏನಮ್ಮ ಸುಮನಾ, ನಿಮ್ಮೂರಲ್ಲಿ ಇವತ್ತು ಮಳೆನಾ?"

"ಹೌದು ಮಾವ. ಪಶ್ಚಿಮದ ಕಡೆ ಜೋರು ಗಾಳಿ. ದೋಣಿ ನಿಲ್ಲಿಸಿದಾರೆ," ಎಂದು ಸುಮನಾ ಗಂಭೀರವಾಗಿಯೇ ಉತ್ತರ ಕೊಡುತ್ತಿದ್ದಳು.

ಏಪ್ರಿಲ್ ಕೊನೆಯ ಒಂದು ಭಾನುವಾರ ಎಲ್ಲರೂ ಓಲ್ಡ್ ಟೌನಿನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಈ ತಮಾಷೆ ಒಂದು ಹೆಜ್ಜೆ ಮುಂದೆ ಹೋಯಿತು. ಬೇಸಿಗೆ ರಜೆಯಲ್ಲಿ ನೋಡಿದ ಜಾಗದ ಬಗ್ಗೆ ಒಂದು ಪುಟ ಬರೆಯಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಕವನಾ ಬರೆದು ಮುಗಿಸಿದ್ದಳು. ಕರಿಯಣ್ಣ ಅದನ್ನು ಇಸಿದುಕೊಂಡು ಗಟ್ಟಿಯಾಗಿ ಓದಿದರು. "ನಾವು ಈ ರಜೆಯಲ್ಲಿ ಅಜ್ಜನ ಮನೆಗೆ ಹೋದೆವು. ಅಲ್ಲಿಂದ ನಮ್ಮ ಮನೆಗೆ ಬಂದೆವು."

"ಚೆನ್ನಾಗಿ ಬರ್ದಿದೆ ಕೂಸು. ಸುಳ್ಳು ಒಂದೂ ಇಲ್ಲ," ಎಂದರು ಅವರು. "ಸುಮನಾ, ಊರವರ ಮಕ್ಕಳನ್ನೆಲ್ಲ ಸಮುದ್ರ ದಾಟಿಸಿ ಹಕ್ಕಿ ತೋರಿಸ್ತೀಯ. ನಿನ್ನ ಮಗಳು ಗಾಜನೂರು ಡ್ಯಾಮ್ ನೋಡಿದಾಳೇನಮ್ಮ?"

ಗಣೇಶ್ ಅನ್ನದ ತಟ್ಟೆಯ ಕಡೆ ನೋಡುತ್ತ ನಕ್ಕ. ಸುಮನಾಗೆ ನಗು ಬರಲಿಲ್ಲ. "ಮುಂದಿನ ಭಾನುವಾರ ಹೋಗೋಣ," ಎಂದಳು. "ಪ್ಲಾನ್ ನಾನು ಮಾಡ್ತೀನಿ. ಆದ್ರೆ ಪ್ಲಾನ್ ಪ್ರಕಾರ ಎಲ್ರೂ ನಡ್ಕೋಬೇಕು."

"ನಾವು ಕಾರ್ಖಾನೆ ಸೈರನ್ನಿಗೆ ಬದುಕಿದೋರು ಮಾರಾಯ್ತಿ. ಟೈಮಿನ ವಿಷಯ ನಮಗೆ ಹೇಳಬೇಡ."

ಸುಮನಾ ಆ ವಾರ ಮೂರು ರಾತ್ರಿ ಕೂತು ಯೋಜನೆ ತಯಾರಿಸಿದಳು. ಎರಡು ಹಾಳೆ, ಎರಡೂ ಪ್ಲಾಸ್ಟಿಕ್ ಕವರಿನಲ್ಲಿ. ಆರೂವರೆಗೆ ಓಲ್ಡ್ ಟೌನ್. ಆರೂ ಮುಕ್ಕಾಲಿಗೆ ನರಸಿಂಹಸ್ವಾಮಿ ದೇವಸ್ಥಾನ. ಏಳೂವರೆಗೆ ತಿಂಡಿ. ಎಂಟೂ ಇಪ್ಪತ್ತಕ್ಕೆ ಬಿ.ಆರ್. ಪ್ರಾಜೆಕ್ಟಿನ ಭದ್ರಾ ಅಣೆಕಟ್ಟು. ಹತ್ತೂ ಕಾಲಿಗೆ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗಳ ಸ್ನಾನ. ಒಂದು ಗಂಟೆಗೆ ಹೋಟೆಲಿನಲ್ಲಿ ಊಟ. ಆಮೇಲೆ ಗಾಜನೂರು.

ಭಾನುವಾರ ಬೆಳಿಗ್ಗೆ ಕರಿಯಣ್ಣ ಕಾರಿನ ಮುಂದಿನ ಸೀಟಿನಲ್ಲಿ ಕೂತು, ಕನ್ನಡಕ ಏರಿಸಿ, ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು.

"ಇದೇನಮ್ಮ, ಒಂಬತ್ತೂ ನಲವತ್ತಕ್ಕೆ ಎಲ್ರೂ ಒಟ್ಟಿಗೆ ಒಂದಕ್ಕೆ ಹೋಗಬೇಕಾ?"

"ಅದು ಅನುಕೂಲಕ್ಕೆ ಹಾಕಿರೋದು ಮಾವ."

"ನನಗೆ ಒಂಬತ್ತೂ ಮೂವತ್ತೈದಕ್ಕೆ ಬಂದ್ರೆ?"

ಹಿಂದಿನ ಸೀಟಿನಲ್ಲಿ ಕವನಾ ನಕ್ಕು ನಕ್ಕು ಅಜ್ಜಿಯ ತೊಡೆಯ ಮೇಲೆ ಬಿದ್ದಳು.

ಯೋಜನೆ ಕೆಡಲು ಮಾತ್ರ ಒಂಬತ್ತೂ ಮೂವತ್ತೈದರವರೆಗೆ ಕಾಯಬೇಕಾಗಲಿಲ್ಲ. ಪುಟ್ಟಲಕ್ಷ್ಮಿ ನಾಲ್ಕು ಗಂಟೆಗೇ ಎದ್ದು ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಚಿತ್ರಾನ್ನ, ಮೊಸರನ್ನ ಮಾಡಿ, ಒಂದು ಚೀಲ ಮಾವಿನಹಣ್ಣೂ ಕಟ್ಟಿದ್ದರು. ಹೋಟೆಲಿನ ಊಟ ಎಂದು ಸೊಸೆ ಎರಡು ಸಲ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು; ಮನಸ್ಸಿಗೆ ಬಿದ್ದಿರಲಿಲ್ಲ. ಆ ಪಾತ್ರೆಗಳನ್ನು ಕಾರಿನಲ್ಲಿ ಹೊಂದಿಸುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ದೇವಸ್ಥಾನದಲ್ಲಿ ಅರ್ಚಕ ಯಜ್ಞನಾರಾಯಣ ಭಟ್ಟರು, "ಇನ್ನೇನು ಮಹಾಮಂಗಳಾರತಿ, ಒಂದು ನಿಮಿಷ," ಎಂದರು. ಆ ಒಂದು ನಿಮಿಷ ಎಂಟೂವರೆಗೆ ಮುಗಿಯಿತು. ಅಣೆಕಟ್ಟಿನ ಬಳಿ ಪುಟ್ಟಲಕ್ಷ್ಮಿಗೆ ತವರೂರಿನ ಹೆಂಗಸೊಬ್ಬರು ಸಿಕ್ಕರು. ಇಬ್ಬರೂ ಇಪ್ಪತ್ತು ವರ್ಷದ ಮದುವೆ, ಬಾಣಂತನ, ಸಾವುಗಳನ್ನು ನಿಂತಲ್ಲೇ ಮುಗಿಸಿದರು. ಹತ್ತೂ ಕಾಲಿಗೆ ಆನೆಗಳು ಸ್ನಾನ ಮಾಡಿರಬೇಕು. ಇವರು ಆಗ ಇನ್ನೂ ಅಣೆಕಟ್ಟಿನ ಗೇಟಿನಲ್ಲೇ ಇದ್ದರು.

"ಅಮ್ಮ, ಆನೆ?" ಎಂದಳು ಕವನಾ.

ಸುಮನಾ ಗಡಿಯಾರ ನೋಡಿದಳು. ಹನ್ನೆರಡಾಗಿತ್ತು. ಆನೆಗಳನ್ನು ಹನ್ನೊಂದರ ಮೇಲೆ ಕಾಡಿಗೆ ಅಟ್ಟಿಬಿಡುತ್ತಾರೆಂದು ಅವಳು ವಿಚಾರಿಸಿಕೊಂಡಿದ್ದಳು. "ಇನ್ನೊಂದು ಸಲ ನೋಡೋಣ ಪುಟ್ಟಿ," ಎಂದಳು. ಮಗಳ ಮುಖ ಸಣ್ಣದಾಯಿತು. ಅದಕ್ಕಿಂತ ಸಣ್ಣದಾದದ್ದು ಸುಮನಾಳ ಮುಖ.

ಕಳೆದುಹೋದ ಹೊತ್ತನ್ನು ತುಂಬಿಸಿಕೊಡುವ ಹುಮ್ಮಸ್ಸಿನಲ್ಲಿ ಕರಿಯಣ್ಣ ಒಂದು ಒಳದಾರಿ ತೋರಿಸಿದರು. "ಈ ಕಾಲುವೆ ಏರಿ ಹಿಡಿದು ಹೋದ್ರೆ ಗಾಜನೂರು ಅರ್ಧ ಗಂಟೆ. ನಾನು ಸೈಕಲ್ಲಲ್ಲಿ ಹೋಗಿದೀನಿ."

"ಯಾವಾಗ ಅಪ್ಪ?" ಎಂದ ಗಣೇಶ್.

"ನೀನು ಹುಟ್ಟಿರಲಿಲ್ಲ."

ಒಂದು ಗಂಟೆ ಕಾಲುವೆಯ ಏರಿಯ ಮೇಲೆ ಕುಲುಕಾಡಿದ ಮೇಲೆ ದಾರಿ ಒಂದು ಅಡಿಕೆ ತೋಟದ ಬೇಲಿಗೆ ಬಂದು ನಿಂತಿತು. ಫೋನಿನಲ್ಲಿ ನಕ್ಷೆ ಅರ್ಧ ಬಂದು ಅಲ್ಲೇ ತಿರುಗುತ್ತಿತ್ತು. ಗಣೇಶನಿಗೆ ಬೆವರು. ಎಡಕ್ಕೆ ತಿರುಗಿಸು, ಬ್ರೇಕ್ ಮೇಲೆ ಕಾಲಿಡು, ಕಲ್ಲು ನೋಡು ಎಂದು ಪಕ್ಕದಿಂದ ಅಪ್ಪನ ಸೂಚನೆಗಳು ಬೀಳುತ್ತಲೇ ಇದ್ದವು.

"ಅಲ್ಲ ಸುಮನಾ," ಎಂದ ಗಣೇಶ್ ಕೊನೆಗೆ, "ಸ್ಕಾಟ್ಲೆಂಡಿನ ಹಸು ಯಾವ ಬೇಲಿ ಹಾರುತ್ತೆ ಅಂತ ಗೊತ್ತು ನಿನಗೆ. ಭದ್ರಾವತಿ ತಾಲ್ಲೂಕಲ್ಲಿ ನಾವೀಗ ಎಲ್ಲಿದೀವಿ?"

"ನನ್ನ ಹಾಳೆಲಿ ಕಾಲುವೆ ಏರಿ ಇರಲಿಲ್ಲ," ಎಂದಳು ಅವಳು. ಧ್ವನಿ ಒಡೆದಂತಿತ್ತು. ಪುಟ್ಟಲಕ್ಷ್ಮಿ ತಕ್ಷಣ ಕಾರಿನಿಂದಿಳಿದು, ಹೊಂಗೆ ಮರದ ನೆರಳಿನಲ್ಲಿ ಚಾಪೆ ಹಾಸಿಬಿಟ್ಟರು. "ಹಸಿದ ಹೊಟ್ಟೆಲಿ ದಾರಿ ಹುಡುಕಬಾರ್ದು. ಬನ್ನಿ, ಉಣ್ಣಿ."

ಎರಡು ಗಂಟೆಯ ಹೊತ್ತಿಗೆ ಎಲ್ಲರೂ ರೊಟ್ಟಿಗೆ ಕೈ ಹಾಕಿದ್ದಾಗ ಸುಮನಾಳ ಫೋನ್ ಬಡಿಯಿತು. ಕಚೇರಿಯ ವಾಣಿ. ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೇ, ಭಾನುವಾರದ ಪಾಳಿಯಲ್ಲಿ ಅವಳೊಬ್ಬಳೇ.

"ಅಕ್ಕ, ಸಾರಿ ಅಕ್ಕ. ಮಲ್ ದ್ವೀಪದಲ್ಲಿ ಒಂದು ಫ್ಯಾಮಿಲಿ ಸಿಕ್ಕಾಕೊಂಡಿದೆ. ಆಯಮ್ಮ ಅಳ್ತಿದಾರೆ. ನನಗೆ ಆ ರೋಡೇ ಗೊತ್ತಿಲ್ಲ."

"ಲೈನ್ ಜೋಡಿಸು," ಎಂದಳು ಸುಮನಾ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಎಣ್ಣೆಗಾಯಿ. ಕವನಾ ಬಂದು ಸ್ಪೀಕರ್ ಒತ್ತಿದಳು.

ಆ ಕಡೆ ಹೆಲೆನ್ ಎಂಬ ಹೆಂಗಸು. ಇಂಗ್ಲೆಂಡಿನ ಊರೊಂದರಿಂದ ಇಬ್ಬರು ಮಕ್ಕಳು, ಎಂಬತ್ತರ ತಂದೆ, ಬಾಡಿಗೆ ಕಾರಿನೊಂದಿಗೆ ಬಂದವಳು. ಸ್ಕಾಟ್ಲೆಂಡಿನ ಪಶ್ಚಿಮದ ಆ ದ್ವೀಪದ ತುದಿಯಲ್ಲಿರುವ ಫಿನ್ನಫೋರ್ಟ್ ಎಂಬ ಊರಿನಿಂದ ಹತ್ತೂ ಕಾಲಿಗೆ ಹೊರಡುವ ದೋಣಿ ಹಿಡಿಯಬೇಕಿತ್ತು. ಸಮುದ್ರದ ನಡುವಿನ ಬಂಡೆಯ ಮೇಲೆ ಪಫಿನ್ ಎಂಬ ಹಕ್ಕಿ ನೋಡುವುದಕ್ಕೆ. ಅಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ. ರಸ್ತೆ ಒಂದೇ ವಾಹನ ಹೋಗುವಷ್ಟು ಅಗಲ. ಎದುರಿಗೆ ಮನೆಯಷ್ಟು ದೊಡ್ಡ ವ್ಯಾನು, ಅದರ ಹಿಂದೆ ಇನ್ನೂ ನಾಲ್ಕು ವಾಹನ. ಇವಳೇ ಹಿಂದಕ್ಕೆ ಹೋಗಬೇಕು. ಒಮ್ಮೆ ಪ್ರಯತ್ನಿಸಿದಳಂತೆ, ಚಕ್ರ ಅಂಚಿನಿಂದ ಜಾರಿತಂತೆ. ಈಗ ಕೈಕಾಲು ಆಡುತ್ತಿಲ್ಲ. ಅವಳ ಮಾತಿನ ಹಿಂದೆ ಮುದುಕರೊಬ್ಬರು ಒಂದೇ ಸಮನೆ ಗದರುತ್ತಿದ್ದರು.

"ಹೆಲೆನ್, ನಾನು ಸುಮನಾ. ನಿಮ್ಮ ಈ ಪ್ರಯಾಣ ಯೋಜಿಸಿದವಳು ನಾನೇ," ಎಂದಳು ಸುಮನಾ ಇಂಗ್ಲಿಷಿನಲ್ಲಿ. ಕ್ಷಣದ ಹಿಂದೆ ಒಡೆದಿದ್ದ ಆ ಧ್ವನಿ ಈಗ ಎಲ್ಲಿಂದಲೋ ನೆಟ್ಟಗಾಗಿ ಬಂದಿತ್ತು. "ಪೆನ್ನಿಗೇಲ್ ಊರು ದಾಟಿದಿರಾ? ಸರಿ. ಹಾಗಾದರೆ ನಿಮ್ಮ ಬಲಕ್ಕೆ ನೀರಿದೆ, ಎಡಕ್ಕೆ ಗುಡ್ಡ. ಇನ್ನೇನು ಕಾಣುತ್ತಿದೆ ಹೇಳಿ."

ಕಲ್ಲಿನ ಗೋಡೆಯಲ್ಲಿ ಕೂರಿಸಿದ ಕೆಂಪು ಅಂಚೆಪೆಟ್ಟಿಗೆ. ಬೋರಲು ಹಾಕಿದ ಒಂದು ದೋಣಿ.

"ಗೊತ್ತಾಯಿತು. ನಿಮ್ಮ ಹಿಂದೆ ಒಂದು ತಿರುವಿದೆ. ಅದು ದಾಟಿದ ಕೂಡಲೇ ಗುಡ್ಡದ ಬದಿಗೆ ವಾಹನ ಸರಿದು ನಿಲ್ಲುವ ಜಾಗ ಇದೆ, ಬಿಳಿ ಚೌಕದ ಫಲಕ ಹಾಕಿದ್ದಾರೆ. ಹೆಚ್ಚೆಂದರೆ ಅರವತ್ತು ಮೀಟರ್."

ಚಾಪೆಯ ಮೇಲೆ ಎಲ್ಲರ ಕೈಯಲ್ಲೂ ರೊಟ್ಟಿ ಹಾಗೇ ನಿಂತಿತ್ತು. ಸೊಸೆ ಕೆಲಸ ಮಾಡುವುದನ್ನು ಕರಿಯಣ್ಣ ಇದುವರೆಗೆ ನೋಡಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಬರುವುದು ಎಂದಷ್ಟೇ ಅವರ ತಿಳಿವಳಿಕೆ. ಈಗ ಅವರು ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದರು.

"ಏನಂತೆ?" ಎಂದು ಪುಟ್ಟಲಕ್ಷ್ಮಿ ಪಿಸುಗುಟ್ಟಿದರು. ಗಣೇಶ್ ಎಲ್ಲವನ್ನೂ ಬಿಡಿಸಿ ಹೇಳಿದ. "ಪಾಪ, ತಿಂಡಿ ಆಯ್ತಂತಾ ಕೇಳು," ಎಂದರು ಅವರು.

ಹೆಲೆನ್ ಮಾತ್ರ ಆಗುವುದಿಲ್ಲ, ಆಗುವುದಿಲ್ಲ ಎನ್ನುತ್ತಿದ್ದಳು.

"ಎದುರು ವ್ಯಾನಿನವನೇ ಇಳಿದು ಬಂದು ತೆಗೆದುಕೊಡಬಾರದಾ?" ಎಂದ ಗಣೇಶ್.

"ಬಾಡಿಗೆ ಕಾರು. ಬೇರೆಯೋರು ಮುಟ್ಟಿದ್ರೆ ಇನ್ಶೂರೆನ್ಸ್ ಇಲ್ಲ," ಎಂದಳು ಸುಮನಾ ಫೋನಿಗೆ ಕೈ ಅಡ್ಡ ಹಿಡಿದು. ದಾರಿ ಹೇಳುವುದು ಅವಳಿಗೆ ಗೊತ್ತಿತ್ತು. ಆದರೆ ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಹೆದರಿದವಳ ಕೈಯಲ್ಲಿ ಹಿಂದಕ್ಕೆ ತೆಗೆಸುವುದು ಹೇಗೆ?

"ಹಿಂದೆ ಯಾರು ನಿಂತಿದಾರೆ?" ಎಂದರು ಕರಿಯಣ್ಣ ಥಟ್ಟನೆ.

"ಯಾರೂ ಇಲ್ಲ ಮಾವ."

"ಹಿಂದೆ ಮನುಷ್ಯ ಇಲ್ದೆ ಗಾಡಿ ಹಿಂದಕ್ಕೆ ಬಿಡ್ತಾರೇನಮ್ಮ? ನಮ್ಮಲ್ಲಿ ಹಾಗೆ ಮಾಡಿದ್ರೆ ಚಾರ್ಜ್‌ಶೀಟ್ ಕೊಡ್ತಿದ್ರು. ಆ ಕೂಗಾಡ್ತಿರೋ ಅಜ್ಜ ಯಾರು?"

"ಅವರಪ್ಪ. ಮೊದಲು ಲಾರಿ ಓಡಿಸ್ತಿದ್ರಂತೆ. ಈಗ ಕಣ್ಣಿನ ಆಪರೇಷನ್ ಆಗಿ ಓಡಿಸಂಗಿಲ್ಲ."

"ಅವನನ್ನ ಇಳಿಸು. ಕಾರಿನ ಹಿಂದೆ ಬೇಡ, ಮೊದಲು ಆ ಬಿಳಿ ಬೋರ್ಡ್ ನೋಡ್ಕೊಂಡು ಬಂದು, ಕನ್ನಡಿಲಿ ಕಾಣೋ ಹಂಗೆ ರಸ್ತೆ ಪಕ್ಕ ನಿಂತ್ಕೊಂಡು ಕೈ ತೋರಿಸ್ಲಿ. ಅವನಿಗೆ ಒಂದು ಕೆಲಸ ಕೊಡು. ಕೆಲಸ ಇಲ್ದಿದ್ದಕ್ಕೇ ಅವನು ಬೈತಿರೋದು."

ಗಣೇಶ್ ಅಪ್ಪನನ್ನು ನೋಡಿದ. ಪುಟ್ಟಲಕ್ಷ್ಮಿಯೂ ಗಂಡನನ್ನು ನೋಡಿದರು. ಕರಿಯಣ್ಣ ಮಾತ್ರ ಯಾರನ್ನೂ ನೋಡಲಿಲ್ಲ.

ಸುಮನಾ ಅದನ್ನೇ ಹೇಳಿದಳು. ಆ ಕಡೆ ಕಾರಿನ ಬಾಗಿಲು ತೆರೆದ ಸದ್ದು. ಗದರಿಕೆ ನಿಂತಿತು. ಗಾಳಿಯ ಶಬ್ದ, ಯಾವುದೋ ಕುರಿಯ ಕೂಗು. ಸ್ವಲ್ಪ ಹೊತ್ತಿಗೆ ಮುದುಕರ ಧ್ವನಿ ದೂರದಿಂದ ಬೇರೆಯೇ ಗತ್ತಿನಲ್ಲಿ ಕೇಳಿಸಿತು. ಜಾಗ ಸಿಕ್ಕಿತ್ತು.

"ಇಲ್ಲಿ ಕೊಡಮ್ಮ," ಎಂದು ಕರಿಯಣ್ಣ ಕೈ ಚಾಚಿದರು. ಸುಮನಾ ಒಂದು ಗಳಿಗೆ ಹಿಂಜರಿದು ಫೋನ್ ಕೊಟ್ಟಳು. ಅವರು ಅದನ್ನು ಬಾಯಿಯ ಮುಂದೆ ಅಂಗೈ ಮೇಲಿಟ್ಟುಕೊಂಡು, ಎದ್ದು ನಿಂತರು.

"ಗುಡ್ ಮಾರ್ನಿಂಗ್ ಮೇಡಂ. ಐ ಆಮ್ ಲೋಕೋ ಡ್ರೈವರ್. ಥರ್ಟಿ ಫೋರ್ ಇಯರ್ಸ್. ನೋ ಆಕ್ಸಿಡೆಂಟ್."

"ಒಂದ್ಸಲ ಗೋಡೆ ಬೀಳ್ಸಿದ್ರಿ," ಎಂದರು ಪುಟ್ಟಲಕ್ಷ್ಮಿ ಮೆಲ್ಲಗೆ.

"ಸುಮ್ನಿರೆ. ಮೇಡಂ, ಲುಕ್ ಓನ್ಲಿ ಮಿರರ್, ಓನ್ಲಿ ಫಾದರ್. ಡೋಂಟ್ ಲುಕ್ ವ್ಯಾನ್. ವ್ಯಾನ್ ವಿಲ್ ವೇಟ್. ಫಾದರ್ ಹ್ಯಾಂಡ್ ಅಪ್, ಯು ಸ್ಟಾಪ್. ಫಾದರ್ ಹ್ಯಾಂಡ್ ಕಮ್, ಯು ಕಮ್. ಡೆಡ್ ಸ್ಲೋ. ವಾಕಿಂಗ್ ಸ್ಪೀಡ್ ಆಲ್ಸೋ ನಾಟ್. ಆಂಟ್ ಸ್ಪೀಡ್."

ಆ ಕಡೆ ಅಳುವಿನ ನಡುವೆ ಒಂದು ಸಣ್ಣ ನಗು ಕೇಳಿಸಿತು. ಇಂಜಿನ್ನಿನ ಸದ್ದು ಶುರುವಾಯಿತು. ಕರಿಯಣ್ಣ ಕಣ್ಣು ಮುಚ್ಚಿಕೊಂಡರು. ಎಡಗೈ ತಾನಾಗಿಯೇ ಮೇಲೆದ್ದು, ಕಾಣದ ಒಂದು ಹಿಡಿಕೆಯನ್ನು ಹಿಡಿದುಕೊಂಡಂತೆ ನಿಂತಿತು. "ಕಮ್... ಕಮ್... ಕಮ್... ಸ್ಟಾಪ್. ಬ್ರೀದಿಂಗ್ ಟೇಕ್. ಕಮ್..." ದೂರದಿಂದ ಆ ಮುದುಕರ ಕೂಗು ಕೇಳಿದಾಗಲೆಲ್ಲ ನಿಲ್ಲಿಸಿದರು, ಒಟ್ಟು ಮೂರು ಸಲ. ತಿರುವಿನಲ್ಲಿ ಕಲ್ಲು ಚಕ್ರಕ್ಕೆ ಸಿಕ್ಕು ಕರಕರ ಎಂದಾಗ ಹೆಲೆನ್ ಕಿರುಚಿದಳು. "ಸ್ಟೋನ್ ಓನ್ಲಿ. ಸ್ಟೋನ್ ಈಸ್ ಗುಡ್. ವಾಟರ್ ಈಸ್ ಬ್ಯಾಡ್," ಎಂದರು ಕರಿಯಣ್ಣ ಶಾಂತವಾಗಿ.

ಆಮೇಲೆ ದೊಡ್ಡ ವಾಹನವೊಂದು ಪಕ್ಕದಲ್ಲೇ ಹಾದುಹೋದ ಸದ್ದು ಕೇಳಿಸಿತು. ಅದರ ಬೆನ್ನಿಗೆ ಇನ್ನೂ ನಾಲ್ಕು. ಹಾರ್ನುಗಳು, ಮಕ್ಕಳ ಕೂಗಾಟ, ಮುದುಕರ ಗಟ್ಟಿ ನಗು. ಕವನಾ ಚಾಪೆಯ ಮೇಲೆ ಕುಣಿದಳು. ಕಾಲು ತಾಗಿ ಮಾವಿನಹಣ್ಣಿನ ಚೀಲ ಉರುಳಿ, ಎರಡು ಹಣ್ಣು ಕಾಲುವೆಗೆ ಬಿದ್ದವು.

ಸುಮನಾ ಫೋನ್ ಇಸಿದುಕೊಂಡಳು. ಹತ್ತೂ ಕಾಲಿನ ದೋಣಿ ಸಿಗುವುದಿಲ್ಲವೆಂದು ಅವಳಿಗೆ ಲೆಕ್ಕ ಸಿಕ್ಕಿತ್ತು. "ಅವಸರ ಮಾಡಬೇಡಿ. ಮುಂದಿನ ದೋಣಿಗೆ ನಿಮ್ಮ ಸೀಟು ಬದಲಾಯಿಸುತ್ತೇನೆ. ಕಾರನ್ನು ಮೇಲಿನ ಪಾರ್ಕಿಂಗಿನಲ್ಲೇ ನಿಲ್ಲಿಸಿ, ಕೆಳಗೆ ಜಾಗ ಇರುವುದಿಲ್ಲ. ಕಾಯುವ ಹೊತ್ತಿನಲ್ಲಿ ಮರಳಿನ ದಂಡೆಗೆ ಹೋಗಿ, ಅಲ್ಲಿ ಒಂದು ದೊಡ್ಡ ಕೆಂಪು ಬಂಡೆ ಇದೆ, ಮಕ್ಕಳಿಗೆ ಇಷ್ಟವಾಗುತ್ತದೆ." ಆಮೇಲೆ ಅತ್ತೆಯ ಮುಖ ನೋಡಿ, "ಬೆಳಗಿನ ತಿಂಡಿ ಆಯಿತೇ?" ಎಂದೂ ಕೇಳಿದಳು. ಆಗಿರಲಿಲ್ಲವಂತೆ. "ನೋಡ್ದ್ಯಾ, ನಾನು ಹೇಳ್ಲಿಲ್ವಾ," ಎಂದರು ಪುಟ್ಟಲಕ್ಷ್ಮಿ. ಸುಮನಾ ಅಲ್ಲಿನ ಸಣ್ಣ ಹೋಟೆಲೊಂದರ ಹೆಸರು ಹೇಳಿ, ವಾಣಿಗೆ ದೋಣಿಯವರ ನಂಬರು ಕೊಟ್ಟು, ಫೋನ್ ಇಟ್ಟಳು. ಬಲಗೈಯ ಎಣ್ಣೆಗಾಯಿ ಒಣಗಿ ಹೋಗಿತ್ತು.

ಕರಿಯಣ್ಣ ನಿಧಾನಕ್ಕೆ ಕೂತು, ರೊಟ್ಟಿಯ ಒಂದು ತುಂಡು ಮುರಿದು, ತಿನ್ನದೆ ಹಾಗೇ ಹಿಡಿದುಕೊಂಡರು.

"ಆ ಅಂಚೆಡಬ್ಬಿ ಎಲ್ಲಿದೆ ಅಂತ ನಿನಗೆ ಹೆಂಗೆ ಗೊತ್ತಮ್ಮ?"

"ಹೋದೋರು ಕಳಿಸೋ ಫೋಟೋ ಎಲ್ಲ ನೋಡ್ತೀನಿ ಮಾವ. ಒಬ್ಬರು ಡಬ್ಬಿ ಮುಂದೆ ನಿಂತು ತೆಗೆಸ್ಕೊಂಡಿದ್ರು. ದಾರಿ ತಪ್ಪಿದೋರು ಅದನ್ನೇ ಮೊದಲು ಹೇಳೋದು, ಕಣ್ಣಿಗೆ ಕಂಡಿದ್ದು. ಅದಕ್ಕೆ ಬರ್ದಿಟ್ಕೋತೀನಿ."

"ಎಲ್ಲಾ ರಸ್ತೆದೂ?"

"ಆದಷ್ಟು."

ಅವರು ತಲೆದೂಗಿದರು. "ನಾನು ಯಾರ್ಡಲ್ಲಿ ಹಳಿ ಕವಲೊಡೆಯೋ ಒಂದೊಂದು ಪಾಯಿಂಟನ್ನೂ ಹಂಗೇ ಇಟ್ಕೊಂಡಿದ್ದೆ, ತಲೇಲಿ. ಮಂಜು ಬಿದ್ದಾಗ ಕಣ್ಣು ಕಾಣ್ತಿರಲಿಲ್ಲ." ರೊಟ್ಟಿಯ ತುಂಡನ್ನು ತಟ್ಟೆಗೆ ಹಾಕಿ ಹೇಳಿದರು, "ನಾನು ನಿನ್ನನ್ನ ಸುಮ್ನೆ ಆಡ್ಕೋತಿದ್ದೆ ಅಂತ ಬೇಜಾರು ಮಾಡ್ಕೋಬೇಡ."

"ನೀವು ಆಡ್ಕೋದು ಬಿಟ್ರೆ ನನಗೆ ಮಳೆ ಸುದ್ದಿ ಯಾರು ಕೇಳ್ತಾರೆ ಮಾವ?" ಎಂದಳು ಸುಮನಾ. ಆಮೇಲೆ ಮುಖ ತಿರುಗಿಸಿಕೊಂಡು ಮೊಸರನ್ನ ಬಡಿಸಿದಳು.

ಊಟ ಮುಗಿಸಿ ಬೇಲಿಯಾಚೆ ತೋಟದವರನ್ನು ಕೂಗಿ ಕೇಳಿದರೆ, ಗಾಜನೂರಿಗೆ ಹೋಗಲು ಬಂದ ದಾರಿಯಲ್ಲೇ ವಾಪಸ್ಸಾಗಬೇಕು ಎಂದರು. ಏರಿಯ ಮೇಲೆ ಕಾರು ತಿರುಗಿಸಲು ಜಾಗವಿರಲಿಲ್ಲ. ಗಣೇಶ್ ಹಿಂದಕ್ಕೆ ತೆಗೆಯಬೇಕಾಯಿತು. ಕರಿಯಣ್ಣ ಮುಂದಿನ ಸೀಟಿಗೆ ಹತ್ತಲೇ ಇಲ್ಲ. ಕಾರಿನ ಹಿಂದೆ ದೂರ ನಿಂತು, ಪಂಚೆ ಎತ್ತಿ ಕಟ್ಟಿ, ಕೈ ಬೀಸಿದರು. ಆ ದಿನ ಬೆಳಗಿನಿಂದ ಗಣೇಶ್ ಅಪ್ಪನ ಮಾತನ್ನು ತುಟಿಪಿಟಿಕ್ಕೆನ್ನದೆ ಕೇಳಿದ್ದು ಅದೊಂದೇ ಸಲ.

ಗಾಜನೂರು ತಲುಪಿದಾಗ ನಾಲ್ಕೂವರೆ. ನೀರಿನ ಮೇಲೆ ಬಿಸಿಲು ಇಳಿದಿತ್ತು. ಕವನಾ ಅಣೆಕಟ್ಟು ನೋಡಿದ್ದು ಐದು ನಿಮಿಷ. ಉಳಿದ ಹೊತ್ತೆಲ್ಲ ಅಜ್ಜನ ಮುಂದೆ ಕಾರಾಗಿ ಹಿಂದಕ್ಕೆ ನಡೆದಳು. ಪುಟ್ಟಲಕ್ಷ್ಮಿ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಮದುವೆಯಾದ ವರ್ಷ ಇಲ್ಲಿಗೆ ಬಂದಾಗ ಇವರು ತನಗೆ ಕಡಲೆಕಾಯಿ ಕೊಡಿಸಲಿಲ್ಲವೆಂದು ಸೊಸೆಗೆ ದೂರು ಹೇಳಿದರು. ಹಾಳೆಯಲ್ಲಿ ಇಲ್ಲಿಗೆ ಇಪ್ಪತ್ತೈದು ನಿಮಿಷ ಎಂದಿತ್ತು. ಸುಮನಾ ಗಡಿಯಾರ ನೋಡಲಿಲ್ಲ.

ಅಲ್ಲಿಂದ ಹೊರಡುವಾಗ ವಾಣಿ ಒಂದು ಫೋಟೋ ಕಳಿಸಿದಳು. ಹೆಲೆನಳ ಮಕ್ಕಳು ಹುಲ್ಲಿನ ಮೇಲೆ ಬೋರಲು ಮಲಗಿದ್ದಾರೆ. ಕೈಯಳತೆಯಲ್ಲಿ ಕಿತ್ತಳೆ ಬಣ್ಣದ ಕೊಕ್ಕಿನ, ದುಂಡು ಹೊಟ್ಟೆಯ ಒಂದು ಹಕ್ಕಿ. ಪಕ್ಕದಲ್ಲಿ ಮುದುಕರು ಒಂದು ಕೈಯನ್ನು ಎತ್ತಿ, "ನಿಲ್ಲು" ಎಂಬಂತೆ ತೋರಿಸಿ ನಗುತ್ತಿದ್ದಾರೆ. ಕೆಳಗೆ, ಲೋಕೋ ಡ್ರೈವರಿಗೆ ನಮಸ್ಕಾರ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಕರಿಯಣ್ಣ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಇದನ್ನ ನೋಡೋಕಾ ಅಷ್ಟು ದೂರ ಹೋಗಿದ್ದು? ಗಿಣಿನೂ ಅಲ್ಲ, ಬಾತುಕೋಳಿನೂ ಅಲ್ಲ. ಒಳ್ಳೆ ನಮ್ಮ ಫೋರ್‌ಮನ್ ಇದ್ದಂಗಿದೆ." ಎರಡು ನಿಮಿಷ ಬಿಟ್ಟು, "ಆ ಫೋಟೋ ನನ್ನ ಫೋನಿಗೂ ಹಾಕು," ಎಂದರು.

ಓಲ್ಡ್ ಟೌನ್ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪಕ್ಕದ ಮನೆಯ ನಾಗೇಶ್ ಜಗುಲಿಯ ಮೇಲೆ ಕೂತಿದ್ದರು. ಪಾತ್ರೆಗಳನ್ನು ಇಳಿಸುವ ಮೊದಲೇ ಕರಿಯಣ್ಣ ಅಲ್ಲಿ ಹೋಗಿ ಕೂತರು. ಸುಮನಾ ಖಾಲಿ ಡಬ್ಬಿಗಳನ್ನು ಒಳಗೆ ಒಯ್ಯುವಾಗ, "ನಮ್ಮ ಸೊಸೆ ಇಲ್ಲಿ ಕೂತು ದಾರಿ ಹೇಳಿದ್ಲು ನೋಡು, ಕಣ್ಣಿಗೆ ಕಟ್ಟಿದಂಗೆ," ಎಂಬ ಮಾತು ಕೇಳಿಸಿತು. ಎರಡನೆಯ ಸಲ ಹೊರಗೆ ಬಂದಾಗ ಅರವತ್ತು ಮೀಟರ್ ಇನ್ನೂರಾಗಿತ್ತು. ಮೂರನೆಯ ಸಲ ರಸ್ತೆಯ ಎರಡೂ ಕಡೆ ಸಮುದ್ರವಿತ್ತು, ಎದುರಿಗೆ ಹದಿನಾರು ಲಾರಿ.

"ಹೋಗಿ ಸರಿ ಮಾಡೆ," ಎಂದರು ಪುಟ್ಟಲಕ್ಷ್ಮಿ ಬಾಗಿಲಲ್ಲಿ ನಿಂತು ನಗುತ್ತ. "ಬಿಟ್ರೆ ಬುಧವಾರದೊಳಗೆ ವಿಮಾನನೇ ರಿವರ್ಸ್ ತೆಗೀತಾರೆ."

"ಬೇಡ ಅತ್ತೆ, ಓಡಿಸ್ಲಿ," ಎಂದಳು ಸುಮನಾ. ಸೆರಗಿನಲ್ಲಿ ಕೈ ಒರೆಸಿಕೊಂಡು, ಕತೆ ಕೇಳಲು ತಾನೂ ಜಗುಲಿಯ ಅಂಚಿನಲ್ಲಿ ಹೋಗಿ ಕೂತಳು.